ಲಾಡ್ಲೆಸಾಬನ ಎರಡು ಬೆರಳು

ಕಫನಿನ ಬಟ್ಟೆಯನ್ನು ಮುಖದ ಮೇಲೆ ಎಳೆಯಲು ಹಫೀಜ ಕೈ ಚಾಚಿದಾಗ ಕುಲಸುಮಬಿ ಅವನ ಮಣಿಕಟ್ಟು ಹಿಡಿದಳು.

“ಮುಚ್ಚಬ್ಯಾಡ. ಜಸ್ಮೀನ ಬರಾಕತ್ತಾಳ. ಅಪ್ಪನ ಮಾರಿ ನೋಡ್ಲಿ.”

“ಅಕ್ಕಾ, ಮಧ್ಯಾನದ ಜೋಹರ್ ನಮಾಜಿಗೆ ಅರ್ಧಾ ತಾಸು ಉಳಿದದ. ನಮಾಜ್ ಆದಕೂಡ್ಲೇ ಜನಾಜಾ ಅಂತ ಊರಿಗೆಲ್ಲಾ ಹೇಳೇವಿ. ಬಿಸಲು ನೋಡು ಹೆಂಗದ.”

“ಅರ್ಧಾ ತಾಸು ಅದ ಅಲ್ಲ, ಕೂಡು.”

ಹಫೀಜ ಅವಳ ತಮ್ಮ. ಅತನೂರಿನಲ್ಲಿ ಸೈಕಲ್ಲಿನ ಮೇಲೆ ಕ್ಯಾನು ಕಟ್ಟಿಕೊಂಡು ಹಾಲು ಮಾರುವವನು, ಅವಸರ ಅವನ ಹುಟ್ಟುಗುಣ. ಊರಿನಲ್ಲಿ ಯಾರ ಮಾತೂ ಕೇಳದವನು ಅಕ್ಕನ ಮುಂದೆ ಮಾತ್ರ ಬಾಲ ಮುದುರುತ್ತಾನೆ. ಕೈ ಹಿಂದಕ್ಕೆ ತೆಗೆದುಕೊಂಡು ಕೂತ.

ಮಂಚದ ಮೇಲೆ ಮಲಗಿದ್ದವನು ಅವಳ ಗಂಡ, ಟೋಪಿ ಹೊಲಿಯುವ ಲಾಡ್ಲೆಸಾಬ. ನಸುಕಿನ ನಮಾಜಿಗೆ ಎದ್ದು, ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತವನು ಕೂತಲ್ಲೇ ಹೋಗಿದ್ದ. ಒಬ್ಬಳೇ ಮಗಳು ಜಸ್ಮೀನ ಕರಜಗಿಯಲ್ಲಿ ಅಂಗನವಾಡಿ ಟೀಚರು. ಅವಳಿಗೆ ಫೋನು ಹತ್ತಿದಾಗ ಹತ್ತು ಗಂಟೆ, ಬಸ್ಸು ಹೋಗಿ ಆಗಿತ್ತು. “ಸೈಕಲ್ ಮ್ಯಾಲೇ ಹೊಂಟೇನಿ ಅಮ್ಮಾ, ನಾ ಬರೋತನ ಒಯ್ಯಬ್ಯಾಡ್ರಿ” ಎಂದಷ್ಟೇ ಹೇಳಿ ಫೋನು ಇಟ್ಟಿದ್ದಳು.

ಅಂಗಳದಲ್ಲಿ ಬಂದವರಿಗೆ ನೀರು ಕೊಡುತ್ತಿದ್ದ ಪಕ್ಕದ ಮನೆಯ ಬೀರಲಿಂಗಪ್ಪನ ಫೋನು ಬಡಿದುಕೊಂಡಿತು. ಆ ಕಡೆ ಅವನ ಮಗ ಸಿದ್ದರಾಮೇಶ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಕೇಳುತ್ತ ಕೇಳುತ್ತ ಬೀರಲಿಂಗಪ್ಪ ಚೊಂಬು ಕೆಳಗಿಟ್ಟ.

“ತಂಗೀ... ಕಾಲುವಿ ಹಾದ್ಯಾಗ ಜಸ್ಮೀನ ಬಿದ್ದಾಳಂತ. ಉದುರಿದ ಕಬ್ಬಿನ ಮ್ಯಾಲೆ ಗಾಲಿ ಜಾರಿ, ತಲಿ ಕಲ್ಲಿಗೆ ಬಡದದಂತ.”

*

ಹನ್ನೆರಡು ವರ್ಷದ ಹಿಂದೆ ಲಾಡ್ಲೆಸಾಬನೂ ಹಾಗೇ ಬಿದ್ದಿದ್ದ.

ಕಲಬುರಗಿಯಿಂದ ಆಸೆಪಟ್ಟು ಹೆಲ್ಮೆಟ್ ತಂದಿದ್ದ. ಊರಿನ ಅರ್ಧ ತಲೆಗಳ ಅಳತೆ ಬಾಯಿಪಾಠ ಇದ್ದವನಿಗೆ ತನ್ನ ಟೋಪಿ ತೆಗೆಯಲು ಮಾತ್ರ ಮನಸ್ಸಾಗಲಿಲ್ಲ. ಟೋಪಿಯ ಮೇಲೇ ಹೆಲ್ಮೆಟ್ ಏರಿಸಿ, ಪಟ್ಟಿ ಇಳಿಬಿಟ್ಟು, ನವಾಬನ ಗತ್ತಿನಲ್ಲಿ ಸೈಕಲ್ ಏರಿ ಹೊರಟ. ಹಳ್ಳದ ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು. ಮೊದಲು ಹಾರಿದ್ದು ಹೆಲ್ಮೆಟ್. ಅದು ಜಾಲಿಯ ಕಂಟಿಯಲ್ಲಿ ಹೊಚ್ಚ ಹೊಸದಾಗಿಯೇ ಕೂತಿತ್ತು. ಲಾಡ್ಲೆಸಾಬನ ಎಡಗಣ್ಣು ಹೋಯಿತು.

ಆಸ್ಪತ್ರೆಯಲ್ಲಿ ಅವನು ಕಣ್ಣಿಗಾಗಿ ಅಳಲಿಲ್ಲ. “ಎಲ್ಲಾರ ತಲಿ ಅಳತಿ ತಗೊಂಡೆ, ನನ್ನದೇ ತಪ್ಪಿತಲ್ಲ ಕುಲ್ಸೂ” ಎಂದು ನಾಚಿಕೆಗೆ ಅತ್ತ.

ಅಲ್ಲಿಂದ ಮುಂದೆ ಉಳಿದ ಒಂದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸಿದ. ಊರಿನಲ್ಲಿ ಯಾರು ಸೈಕಲ್ ಕೊಂಡರೂ ಅವನ ಮಷಿನ್ನಿನ ಮುಂದೆ ಕೂರಲೇಬೇಕು. ಟೋಪಿ, ರುಮಾಲು ಮೊದಲು ಕೆಳಗೆ. ಹೆಣ್ಣುಮಕ್ಕಳಾದರೆ ತುರುಬು ಕೊರಳಿನ ಹತ್ತಿರಕ್ಕೆ. ಹುಬ್ಬಿನ ಮೇಲೆ ಎರಡು ಬೆರಳು ಇಟ್ಟು ನೋಡುವನು, ಹೆಲ್ಮೆಟ್ಟಿನ ಅಂಚು ಅದಕ್ಕಿಂತ ಮೇಲೆ ಸರಿದರೆ ಒಪ್ಪುತ್ತಿರಲಿಲ್ಲ. ಗದ್ದದ ಪಟ್ಟಿಯೊಳಗೆ ಒಂದೇ ಬೆರಳು ಹೋಗಬೇಕು. ಆಮೇಲೆ ಹೆಲ್ಮೆಟ್ ಹಿಡಿದು ಅಲುಗಾಡಿಸುವನು; ಸರಿಯಾಗಿ ಕೂತಿದ್ದರೆ ಅದು ಜಾರದೆ ಹಣೆಯ ಚರ್ಮವನ್ನೇ ಎಳೆದಾಡಬೇಕು.

“ಹುಬ್ಬು ಆಡ್ಬೇಕು, ಹೆಲ್ಮೆಟ್ ಆಡಬಾರ್ದು.”

ಜಸ್ಮೀನಳಿಗೆ ಕೆಲಸ ಸಿಕ್ಕ ದಿನ ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹೊಲಿದ. ಸಾಕಾಗಿ ಅವಳು ಅಳುವ ಹಾಗಾದರೂ ಬಿಡಲಿಲ್ಲ. ಮಣಿಯದವನು ಹಫೀಜ ಒಬ್ಬನೇ.

“ಟೋಪಿ ತೆಗಿಯಂಗಿಲ್ಲ ಭಾವಾ. ನೀನೇ ಹೊಲದದ್ದು.”

“ಟೋಪಿ ಹೋದ್ರ ಇನ್ನೊಂದು ಹೊಲದು ಕೊಡ್ತೇನಿ. ತಲಿ ಹೊಲಿಯಾಕ ನನಗ ಬರಂಗಿಲ್ಲಲೇ.”

ಹಫೀಜ ನಕ್ಕು, ಟೋಪಿಯ ಮೇಲೇ ಹೆಲ್ಮೆಟ್ ಇಟ್ಟುಕೊಂಡು, ಪಟ್ಟಿ ತೂಗಾಡಿಸುತ್ತ ಹೋಗಿದ್ದ.

*

ಫೋನು ಇನ್ನೂ ಬೀರಲಿಂಗಪ್ಪನ ಕಿವಿಯಲ್ಲೇ ಇತ್ತು. ಕುಲಸುಮಬಿ ಗೋಡೆ ಹಿಡಿದು ಎದ್ದಳು.

“ಅಣ್ಣಾ, ಹೆಲ್ಮೆಟ್ ಕಳಚಿ ಬಿತ್ತೇನು ಕೇಳ್ರಿ.”

“ಏನಂದಿ?”

“ಆಕಿ ಹೆಲ್ಮೆಟ್. ಕಳಚಿ ಬಿತ್ತೋ ಇಲ್ಲೋ, ಅಷ್ಟ ಕೇಳ್ರಿ.”

ಬೀರಲಿಂಗಪ್ಪ ಫೋನಿನಲ್ಲಿ ಕೇಳಿದ. “ಇಲ್ಲಂತ. ಒಡದದಂತ, ಖರೆ ತಲಿ ಮ್ಯಾಲೇ ಕೂತದಂತ.”

“ಹಂಗಾದ್ರ ಬರ್ತಾಳ” ಎಂದಳು ಕುಲಸುಮಬಿ. “ಅದು ನಮ್ಮವರು ಕಟ್ಟಿದ್ದು.”

ಗಂಡ ಸತ್ತ ದಿನ ಹೆಮ್ಮೆಪಡುವ ಹೆಂಗಸನ್ನು ಆ ಓಣಿ ಕಂಡಿರಲಿಲ್ಲ. ಸೆರಗು ಎಳೆದುಕೊಂಡು ಮತ್ತೆ ಅವನ ತಲೆಯ ಹತ್ತಿರ ಕೂತಳು. ಹಫೀಜ ಎದ್ದು ಮಸೀದಿಗೆ ಹೋದ. ಜನಾಜಾ ತುಸು ತಡ ಎಂದು ತಾನೇ ಹೇಳಿ ಬಂದ.

ನಮಾಜು ಮುಗಿದು ಸ್ವಲ್ಪ ಹೊತ್ತಿಗೆ ಓಣಿಯ ಬಾಯಲ್ಲಿ ಟ್ರ್ಯಾಕ್ಟರ್ ನಿಂತಿತು. ಹಿಂದೆ ಕಬ್ಬಿನ ಮೇಲೆ ಸೈಕಲ್ ಮಲಗಿತ್ತು.

“ಮೊದ್ಲ ದವಾಖಾನಿಗೆ ಹೋಗೂನು ಅಂದೆ, ಕೇಳ್ಲಿಲ್ರಿ” ಎಂದ ಸಿದ್ದರಾಮೇಶ. “ಮಣ್ಣು ಆದಕೂಡ್ಲೇ ನಾನೇ ಒಯ್ತೇನಿ.”

ಜಸ್ಮೀನ ಇಳಿದಳು. ಬಲ ಮಣಿಕಟ್ಟು ಊದಿತ್ತು, ಮೊಣಕೈ ತರಚಿತ್ತು. ಹೆಲ್ಮೆಟ್ ನೆತ್ತಿಯಿಂದ ಹಿಂದಿನವರೆಗೆ ಸೀಳಿತ್ತು. ಒಂದೇ ಕೈಯಲ್ಲಿ ಗದ್ದದ ಕೊಂಡಿ ಬಿಚ್ಚಲು ಬರದೆ ತಾಯಿಯ ಮುಂದೆ ಬಂದು ನಿಂತಳು. ಕುಲಸುಮಬಿ ಪಟ್ಟಿಯೊಳಗೆ ಬೆರಳು ಹಾಕಿದಳು. ಒಂದೇ ಬೆರಳು ಹೋಯಿತು. ಕೊಂಡಿ ಬಿಚ್ಚಿ ಮೆಲ್ಲಗೆ ಎತ್ತಿದಳು. ಮಗಳ ಹಣೆಯ ಮೇಲೆ ಬೆವರು ಬಿಟ್ಟರೆ ಏನೂ ಇರಲಿಲ್ಲ.

ಜಸ್ಮೀನ ಮಂಚದ ಪಕ್ಕ ಕುಸಿದು ಕೂತು ಅಪ್ಪನ ಮುಖ ನೋಡಿದಳು. ಮುಚ್ಚಿದ ಎರಡು ಕಣ್ಣುಗಳಲ್ಲಿ ಯಾವುದು ಇಲ್ಲದ್ದು ಎಂದು ಈಗ ಗೊತ್ತಾಗುತ್ತಿರಲಿಲ್ಲ.

“ಅಬ್ಬಾ” ಎಂದಳು, “ಅಲುಗಾಡ್ಲಿಲ್ಲ.”

ಆಮೇಲೆ ಅತ್ತಳು. ಕುಲಸುಮಬಿಯೂ ಅತ್ತಳು. ಅಳುತ್ತಲೇ ಹೆಲ್ಮೆಟನ್ನು ಪಕ್ಕದವಳ ಕೈಗೆ ಕೊಟ್ಟು, “ಹೊಲಿಗಿ ನೋಡ್ರಿ, ಒಂದು ಎಳಿ ಬಿಚ್ಚಿಲ್ಲ” ಎಂದಳು. ಒಡೆದ ಹೆಲ್ಮೆಟ್ ಕೈಯಿಂದ ಕೈಗೆ ಹೋಗಿ ಅಂಗಳ ಸುತ್ತಿ ಬಂತು.

ಕಫನಿನ ಬಟ್ಟೆಯನ್ನು ಮುಖದ ಮೇಲೆ ಎಳೆದದ್ದು ಹಫೀಜನೇ. ಈ ಸಲ ಅವಸರ ಮಾಡಲಿಲ್ಲ.

*

ಮಣ್ಣು ಮುಗಿದು ಜನ ಚದುರಿದರು. ಸಂಜೆಯ ಹಾಲಿಗೆ ಹೊತ್ತಾಗಿತ್ತು. ಕಬರಸ್ತಾನದ ಗೇಟಿಗೆ ಒರಗಿಸಿದ್ದ ಸೈಕಲ್ಲಿನ ಹ್ಯಾಂಡಲ್ಲಿನಿಂದ ಹಫೀಜ ಹೆಲ್ಮೆಟ್ ತೆಗೆದು, ರೂಢಿಯಂತೆ ಟೋಪಿಯ ಮೇಲೆ ಏರಿಸಿದ.

ಒಂದು ಕಾಲು ಪೆಡಲಿನ ಮೇಲಿಟ್ಟವನು ಇಳಿದ. ಹೆಲ್ಮೆಟ್ ತೆಗೆದ, ಟೋಪಿಯನ್ನೂ ತೆಗೆದ. ಭಾವ ಹೊಲಿದ ಟೋಪಿಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿಟ್ಟುಕೊಂಡ. ಬರಿತಲೆಯ ಮೇಲೆ ಹೆಲ್ಮೆಟ್ ಇಟ್ಟು, ಹುಬ್ಬಿನ ಮೇಲೆ ಎರಡು ಬೆರಳು ಒತ್ತಿ ನೋಡಿದ. ತುಸು ಕೆಳಗೆ ಎಳೆದ. ಪಟ್ಟಿ ಬಿಗಿದು ಗದ್ದದಡಿ ಬೆರಳು ತೂರಿಸಿದ. ಆಮೇಲೆ ಗೇಟಿನ ಹತ್ತಿರ ಒಬ್ಬನೇ ನಿಂತು, ಎರಡೂ ಕೈಯಿಂದ ಹೆಲ್ಮೆಟ್ ಹಿಡಿದು ಜೋರಾಗಿ ಅಲುಗಾಡಿಸಿದ.

ಹುಬ್ಬು ಆಡಿತು.