ಮ್ಯಾನೇಜರ್ ಬಂದರು

ತಲೆಯ ಕಡೆ ಇಬ್ಬರು, ಕಾಲಿನ ಕಡೆ ಇಬ್ಬರು ಬಗ್ಗಿ ಕೈ ಹಾಕಿದ್ದರು. ಇನ್ನೇನು ಎತ್ತಬೇಕು ಅನ್ನುವಷ್ಟರಲ್ಲಿ ತಾರಸಿಯಿಂದ ಕೂಗು ಕೇಳಿಸಿತು.

“ಎತ್ತಬೇಡಿ! ಇನ್ನೂ ಬಂದಿಲ್ಲ!”

ನಾಲ್ವರೂ ಹಾಗೇ ಬಗ್ಗಿ ನಿಂತರು. ಸತ್ತವನ ತಮ್ಮ ಸೊಂಟ ಹಿಡಿದುಕೊಂಡು ನೆಟ್ಟಗಾದ. ಹಜಾರದಲ್ಲಿ ಸೇರಿದ್ದವರಿಗೆ, ದೂರದ ನೆಂಟರು ಯಾರೋ ಬರುವುದು ಬಾಕಿ ಇದೆ ಎಂದು ಅನ್ನಿಸಿರಬೇಕು. ಎಲ್ಲರೂ ಬೀದಿ ಬಾಗಿಲ ಕಡೆ ತಿರುಗಿದರು. ಬರಬೇಕಾಗಿದ್ದದ್ದು ಒಂದು ಪಾರಿವಾಳ ಎಂದು ತಮ್ಮನಿಗೆ ಗೊತ್ತಿತ್ತು, ಆದರೆ ಅಷ್ಟು ಜನರ ಎದುರು ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಅವನು ಸುಮ್ಮನೆ ಮೆಟ್ಟಿಲು ಹತ್ತಿದ.

ಅತ್ತಿಗೆ ಗೂಡಿನ ಪಕ್ಕದಲ್ಲಿ, ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕುಳಿತು ಆಕಾಶ ನೋಡುತ್ತಿದ್ದಳು.

“ಅತ್ತಿಗೆ, ವ್ಯಾನಿನವನು ಗೊಣಗ್ತಿದಾನೆ. ಬಿಸಿಲು ಬೇರೆ ಏರ್ತಿದೆ. ಅಣ್ಣನ್ನ ಇನ್ನೆಷ್ಟು ಹೊತ್ತು ಹಾಗೇ ಮಲಗಿಸೋದು?”

“ಅದು ಬರೋವರೆಗೂ.”

“ಬರದೇ ಹೋದ್ರೆ?”

“ನಿಮ್ಮಣ್ಣ ಕೊನೇಲಿ ನಂಗೆ ಹೇಳಿದ್ದು ಅದೊಂದೇ ಕಣಪ್ಪ. ಮ್ಯಾನೇಜರ್ ಬಂದ ತಕ್ಷಣ ನಂಗೆ ಹೇಳು ಅಂದ್ರು. ಹೇಳ್ದೆ ಹೇಗೆ ಕಳಿಸ್ಲಿ?”

“ಈಗ ಹೇಳಿದ್ರೆ ಅವನಿಗೆ ಕೇಳಿಸುತ್ತಾ ಅತ್ತಿಗೆ?” ತಮ್ಮ ಮೆಲ್ಲಗೆ ಕೇಳಿದ.

“ಬದುಕಿದ್ದಾಗ ನನ್ನ ಮಾತು ಎಲ್ಲಿ ಕೇಳಿಸ್ಕೊಂಡ್ರು? ಆದ್ರೂ ಹೇಳ್ತಾನೇ ಇದ್ದೆ ಅಲ್ವಾ.”

ಅವನು ತಲೆ ಕೆರೆದುಕೊಂಡು ಕೆಳಗೆ ಹೋಗಿ, ವ್ಯಾನಿನವನಿಗೆ ಇನ್ನೊಂದು ಲೋಟ ಚಹಾ ಕೊಡಿಸಿದ.

ಮ್ಯಾನೇಜರ್ ಎಂದರೆ ಬೂದು ಬಣ್ಣದ ಗಂಡು ಪಾರಿವಾಳ. ಎದೆ ಮುಂದೆ ಮಾಡಿಕೊಂಡು, ಎಲ್ಲರನ್ನೂ ಓರೆಗಣ್ಣಿನಿಂದ ಅನುಮಾನಿಸುತ್ತಾ ಅತ್ತಿಂದಿತ್ತ ಓಡಾಡುವ ಅದರ ನಡಿಗೆ ಬಸ್ ಡಿಪೋ ಮ್ಯಾನೇಜರರದೇ ಎಂದು ಸತ್ತವನೇ ಇಟ್ಟ ಹೆಸರು ಅದು. ಅವನು ಅದೇ ಡಿಪೋದಲ್ಲಿ ಪೇಂಟರ್. ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಬರೆಯುವುದು ಕೆಲಸ. ನಿಜವಾದ ಮ್ಯಾನೇಜರರ ಎದುರು ತುಟಿ ಪಿಟಕ್ಕೆನ್ನದ ಮನುಷ್ಯ, ಸಂಜೆ ತಾರಸಿ ಹತ್ತಿ “ಏನ್ ಸ್ವಾಮಿ ಮ್ಯಾನೇಜರೇ, ಇವತ್ತು ಊಟ ಸೇರ್ತಾ?” ಎಂದು ಕೇಳಿ ಒಬ್ಬನೇ ನಗುತ್ತಿದ್ದ. ತಾನು ಹೆಸರು ಬರೆದ ಊರುಗಳಲ್ಲಿ ಒಂದನ್ನೂ ಅವನು ಕಣ್ಣಾರೆ ಕಂಡವನಲ್ಲ. ರೇಸಿನ ನೆಪದಲ್ಲಿ ಪಾರಿವಾಳಗಳನ್ನು ಆ ಊರುಗಳಿಗೆ ಕಳಿಸುತ್ತಿದ್ದ. ಹಾರಿ ಬಂದ ಮೇಲೆ ಹಿಡಿದು ರೆಕ್ಕೆ ಮೂಸಿ, “ನೋಡೇ, ಉಪ್ಪಿನ ವಾಸನೆ. ಸಮುದ್ರದ ಕಡೆಯಿಂದ ಬಂದಿದೆ” ಎನ್ನುತ್ತಿದ್ದ. ಹೆಂಡತಿ ಮೂಸಿದರೆ ಬರುತ್ತಿದ್ದದ್ದು ಟರ್ಪೆಂಟೈನ್ ವಾಸನೆ ಮಾತ್ರ. ಅದು ಅವನ ಕೈಯದು. ಹಾಗೆಂದು ಅವಳು ಯಾವತ್ತೂ ಹೇಳಲಿಲ್ಲ.

*

ರೇಸಿನ ವಾರದ ಮೊದಲ ದಿನವೇ ಗೂಡಿನ ನಡುವೆ ಹಲಗೆ ಇಳಿದಿತ್ತು. ರೇಸಿಗೆ ತಯಾರು ಮಾಡುವ ಕ್ರಮ ಅದು. ಜೋಡಿಯನ್ನು ಬೇರೆ ಮಾಡಬೇಕು. ಹಲಗೆಯ ಈ ಕಡೆ ಗಂಡು, ಆ ಕಡೆ ಹೆಣ್ಣು. ಒಂದಕ್ಕೆ ಇನ್ನೊಂದರ ದನಿ ಕೇಳಬೇಕು, ಮುಖ ಕಾಣಬಾರದು. ಮೊದಲು ಹಗುರ ಕಾಳು, ದಿನ ಕಳೆದಂತೆ ಜೋಳ, ಬಟಾಣಿ ಹೆಚ್ಚಿಸಿ ಮೈಗೆ ಕಸುವು ತುಂಬಬೇಕು. ಬುಟ್ಟಿಗೆ ಹಾಕುವ ಸಂಜೆ ಹಲಗೆ ಎತ್ತಿ ಎರಡನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ಬಿಡಬೇಕು. ಅವು ಕೊಕ್ಕಿಗೆ ಕೊಕ್ಕು ತಾಗಿಸುತ್ತಿರುವಾಗಲೇ ಗಂಡನ್ನು ಹಿಡಿದು ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಿ, ಹಲಗೆಯನ್ನು ಮತ್ತೆ ಇಳಿಸಿಬಿಡಬೇಕು.

ಆ ವಾರ ಪೇಂಟರಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ನೀರು, ಕಾಳು ಎಲ್ಲ ಹೆಂಡತಿಯೇ ಹೊತ್ತು ತಂದಳು. ಬುಟ್ಟಿಯ ಮುಚ್ಚಳ ಹಿಡಿದುಕೊಂಡಿದ್ದವಳೂ ಅವಳೇ.

“ಇದು ಯಾವ ಸೀಮೆ ನ್ಯಾಯ ರೀ? ಈಗ ತಾನೇ ಸೇರಿದಾವೆ. ಪಾಪ ಅನ್ಸಲ್ವಾ ನಿಮಗೆ?”

“ಹಸಿವಿಗೆ ಅಂತ ಬರೋ ಹಕ್ಕಿ ದಾರೀಲಿ ಕಾಳು ಕಂಡ್ರೆ ಇಳಿದುಬಿಡುತ್ತೆ ಕಣೇ. ಹೀಗೆ ಬಿಡಿಸಿ ಕಳಿಸಿದ್ದು ಎಲ್ಲೂ ಇಳಿಯಲ್ಲ. ನೆಟ್ಟಗೆ ಮನೆಗೇ.”

“ನಿಮಗೆ ಯಾರಾದ್ರೂ ಹೀಗೆ ಮಾಡ್ಬೇಕು, ಆಗ ಗೊತ್ತಾಗುತ್ತೆ,” ಎಂದು ಅವಳು ಮುಚ್ಚಳ ಹಾಕಿದಳು. ತಮಾಷೆಗೇ ಅಂದಿದ್ದು. ಅವನೂ ನಕ್ಕ.

ಬುಟ್ಟಿಯನ್ನು, ಹಕ್ಕಿಗಳನ್ನು ದೂರದೂರಿಗೆ ಒಯ್ದು ಬಿಡುವ ಲಾರಿಗೆ ಕೊಟ್ಟು ಬಂದವನು ಮನೆಯ ಹೊಸ್ತಿಲಲ್ಲೇ ಕುಸಿದ.

ಆಸ್ಪತ್ರೆಯಲ್ಲಿ ಅವನನ್ನು ಮಬ್ಬು ಗಾಜಿನ ಬಾಗಿಲ ಹಿಂದೆ ಮಲಗಿಸಿದರು. ಹೊರಗಿನ ಬೆಂಚಿನ ಮೇಲೆ ಕುಳಿತರೆ ಅವನ ಕೆಮ್ಮು ಕೇಳುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ನರ್ಸ್ ಬಂದು, “ಸ್ವಲ್ಪ ಹೊತ್ತು ನೋಡ್ಕೊಂಡು ಬನ್ನಿ ಅಮ್ಮ” ಎಂದು ಒಳಗೆ ಬಿಟ್ಟಳು. ಅವನು ಹೆಂಡತಿಯ ಮಣಿಕಟ್ಟು ಹಿಡಿದುಕೊಂಡ.

“ನಾಳೆ ಮ್ಯಾನೇಜರ್ ಬಂದ ತಕ್ಷಣ ನಂಗೆ ಹೇಳು.”

“ನೀವೇ ಬಂದು ನೋಡಿ.”

“ಆಯ್ತು. ಬರ್ತೀನಿ.”

ಇನ್ನೂ ಏನೋ ಹೇಳಲಿಕ್ಕಿತ್ತು, ಇಬ್ಬರಿಗೂ. ನರ್ಸ್ ಅವಳ ಭುಜ ಮುಟ್ಟಿದಳು. “ಸಾಕಮ್ಮ, ಹೊರಗೆ ಬನ್ನಿ.” ಬಾಗಿಲು ಮುಚ್ಚಿಕೊಂಡಾಗ ಅವಳಿಗೆ ಗೂಡಿನ ಹಲಗೆ ನೆನಪಾಗಿ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಆ ಸಂಜೆಯೇ ಅವನು ತೀರಿಕೊಂಡ.

*

ಪಾರಿವಾಳದ ಕ್ಲಬ್ಬಿನ ಯಜಮಾನಿಕೆ ಸೈಕಲ್ ಶಾಪಿನವನದು. ರೇಸಿನ ಗಡಿಯಾರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಸಾವಿನ ಮನೆಗೆ ಬಂದಿದ್ದ. ಜನ ಏನೆಂದುಕೊಂಡಾರೋ ಎಂದು ಅದರ ಮೇಲೆ ಟವೆಲ್ ಹೊದಿಸಿದ್ದ.

“ಸೂರ್ಯ ಹುಟ್ಟುತ್ಲೇ ಬಿಟ್ಟಿದ್ರೆ ಇಷ್ಟೊತ್ತಿಗೆ ಬರ್ಬೇಕಿತ್ತು ಅಕ್ಕ,” ಎಂದ ತಾರಸಿಗೆ ಬಂದು. “ಲಾರಿ ಡ್ರೈವರ್ ಫೋನ್ ಸಿಗ್ತಾನೇ ಇಲ್ಲ. ಬೇರೆಯವರ ಮನೇಗೂ ಒಂದೂ ಬಂದಿಲ್ಲವಂತೆ.”

“ಬರುತ್ತೆ,” ಎಂದಳು. ಹಾಗೆ ಅಂದಳೇ ಹೊರತು ಅವಳಿಗೇ ನಂಬಿಕೆಯಿರಲಿಲ್ಲ. ಗಿಡುಗ, ತಂತಿ, ದಾರಿ ತಪ್ಪುವುದು, ಹಾರುವ ಹಕ್ಕಿಗೆ ನೂರು ಗಂಡಾಂತರ. ಕೆಳಗೆ ಹಜಾರದಲ್ಲಿ ಯಾರೋ ಅವಳಿಗೆ ತಲೆ ಕೆಟ್ಟಿದೆ ಎಂದದ್ದೂ ಕಿವಿಗೆ ಬಿದ್ದಿತ್ತು. ಇದೊಂದು ಮಾತನ್ನು ಉಳಿಸಿಕೊಳ್ಳಲಾಗದೆ ಹೋದರೆ ಮುಂದೆ ಆ ಮನೆಯಲ್ಲಿ ಹೇಗೆ ಒಬ್ಬಳೇ ಇರುವುದು ಎಂದು ಅವಳಿಗೆ ಅಳು ಬಂತು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಕಣ್ಣು ಒರೆಸಿಕೊಳ್ಳುವಾಗ ಗೂಡಿನೊಳಗೆ ಹೆಣ್ಣು ಪಾರಿವಾಳ ಗುಟುರು ಹಾಕಿತು. ಬೆಳಗಿನಿಂದ ಮುದುಡಿ ಕುಳಿತಿದ್ದ ಹಕ್ಕಿ ಈಗ ಹಲಗೆಗೆ ಮುಖ ಒತ್ತಿ, ಬಾಲ ಅರಳಿಸಿ ಗಿರಗಿರ ಸುತ್ತುತ್ತಿತ್ತು. ನಿಂತು ಕೇಳಿಸಿಕೊಂಡಿತು. ಮತ್ತೆ ಗುಟುರು ಹಾಕಿತು. ಹಲಗೆಯ ಆ ಕಡೆಯಿಂದ ಉತ್ತರ ಬಂತು.

ಆ ಕಡೆ ಖಾಲಿಯಿತ್ತು. ಅವಳೇ ಬೆಳಗ್ಗೆ ಗುಡಿಸಿದ್ದಳು.

“ಕೇಳಿಸ್ತಾ?” ಎಂದಳು.

“ಏನಕ್ಕ?” ಸೈಕಲ್ ಶಾಪಿನವನು ಫೋನಿನಿಂದ ತಲೆ ಎತ್ತಿದ. ಎತ್ತಿದವನು ಹಾಗೇ ಬಾಯಿ ತೆರೆದು ನಿಂತ. “ಅಯ್ಯೋ! ಅಲ್ಲಿ ನೋಡಿ! ಯಾವಾಗ ಇಳೀತು ಇದು?”

ಗೂಡಿನ ಹೊರಗೆ, ಹಕ್ಕಿ ಬಂದಿಳಿಯುವ ಪಟ್ಟಿಯ ಮೇಲೆ ಮ್ಯಾನೇಜರ್ ನಿಂತಿತ್ತು. ರೆಕ್ಕೆಯ ಸದ್ದು ಇಬ್ಬರೂ ಕೇಳಿರಲಿಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ಅದರ ಮೈಯೆಲ್ಲ ಒದ್ದೆ. ಎಂದಿನಂತೆ ಎದೆ ಉಬ್ಬಿಸಲಿಲ್ಲ, ಓರೆಗಣ್ಣು ಬಿಡಲಿಲ್ಲ. ನೆಟ್ಟಗೆ ನಡೆದು ಒಳಗೆ ಹೋಯಿತು. ಗೂಡಿನ ಬಾಗಿಲಿಗೆ ಒಳಮುಖವಾಗಿ ಮಾತ್ರ ತೂಗುವ ಕಂಬಿಗಳಿದ್ದವು. ಹಕ್ಕಿ ತಳ್ಳಿಕೊಂಡು ಹೋದರೆ ಖಣಖಣ ಎನ್ನಬೇಕು. ಅವು ಅಲುಗಲಿಲ್ಲ.

ಅವಳು ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಗೂಡಿಗೆ ಕೈ ಹಾಕಿ ನಡುವಿನ ಹಲಗೆಯನ್ನು ಎಳೆದು ಬಿಸಾಡಿದಳು. ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲು ಇಳಿದಳು.

“ಬಂತು ಬಂತು, ಸ್ವಲ್ಪ ಜಾಗ ಬಿಡಿ.”

ಜನ ಸರಿದರು. ಅವಳು ಮಂಡಿಯೂರಿ, ಗಂಡನ ಮುಖದ ಮೇಲಿನ ಬಿಳಿ ಬಟ್ಟೆಯ ಅಂಚು ಸರಿಸಿ, ಕಿವಿಗೆ ಬಾಯಿ ತಂದಳು. “ರೀ... ಮ್ಯಾನೇಜರ್ ಬಂದ್ರು. ಎಲ್ಲರಿಗಿಂತ ಮೊದಲು.” ಬಟ್ಟೆಯನ್ನು ಮತ್ತೆ ಸರಿಪಡಿಸಿದಳು. ಆಮೇಲೆ ಮೈದುನನ ಕಡೆ ತಿರುಗಿ, “ಎತ್ತಿ” ಎಂದಳು.

ಸೈಕಲ್ ಶಾಪಿನವನು ತಾರಸಿಯಿಂದಲೇ ಬಗ್ಗಿ ಹೇಳಿದ, “ನೀವು ಹೋಗಿ ಅಕ್ಕ. ರಿಂಗ್ ನಾನು ತೆಗೀತೀನಿ.”

*

ವ್ಯಾನಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಅವನು ಗೂಡಿನೊಳಗೆ ಬಗ್ಗಿದ.

ರೇಸಿನ ಹಕ್ಕಿಗೆ ಕಾಲಿನಲ್ಲಿ ಎರಡು ರಿಂಗ್. ಮರಿಯಿದ್ದಾಗ ಹಾಕಿದ ತಗಡಿನದು ಸಾಯುವವರೆಗೂ ಇರುತ್ತದೆ. ಬುಟ್ಟಿಗೆ ಹಾಕುವಾಗ ತೊಡಿಸುವ ರಬ್ಬರಿನದನ್ನು ಮನೆ ಸೇರಿದ ಮೇಲೆ ತೆಗೆದು ಗಡಿಯಾರದ ಪೆಟ್ಟಿಗೆಗೆ ಹಾಕಿ ಕೀಲಿ ತಿರುಗಿಸಬೇಕು. ಆಗಲೇ ಬಂದ ಹೊತ್ತು ದಾಖಲಾಗುವುದು.

ಜೋಡಿ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡಿತ್ತು. ಗಂಡನ್ನು ಹಿಡಿದ. ಕೊಸರಾಡಲಿಲ್ಲ. ಕೈಯಲ್ಲಿ ಬರೀ ತಣ್ಣನೆಯ ಪುಕ್ಕ ಇದ್ದಂತಿತ್ತು, ತೂಕವೇ ಇಲ್ಲ. ಊರಿಂದೂರಿಗೆ ಹಾರಿ ಬಂದ ಹಕ್ಕಿಯ ಎದೆ ಅಂಗೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತದೆ. ಎಷ್ಟು ಸಲ ಹಿಡಿದಿಲ್ಲ ಅವನು. ಇದರ ಎದೆ ಸುಮ್ಮನಿತ್ತು. ತನ್ನ ಕೈಯೇ ಮರಗಟ್ಟಿರಬೇಕು ಎಂದುಕೊಂಡು ರಬ್ಬರ್ ರಿಂಗ್ ಬಿಡಿಸಿ, ಹಕ್ಕಿಯನ್ನು ಕೆಳಗಿಟ್ಟು, ಪೆಟ್ಟಿಗೆಯ ಕೀಲಿ ತಿರುಗಿಸಿದ.

ಆಗ ಫೋನ್ ಬಂತು. ಡ್ರೈವರ್.

“ಸಾರಿ ಸಾರ್, ಸಿಗ್ನಲ್ ಇರ್ಲಿಲ್ಲ. ಇಲ್ಲಿ ಎಂಥ ಮಂಜು ಅಂತೀರಿ! ಬೆಳಗ್ಗಿಂದ ನನ್ನ ಕೈ ನಂಗೇ ಕಾಣ್ತಿರ್ಲಿಲ್ಲ. ಈಗ ಸ್ವಲ್ಪ ತಿಳಿಯಾಗಿದೆ. ಬುಟ್ಟಿಗಳನ್ನ ಬಿಚ್ಚಲಾ?”

ಸೈಕಲ್ ಶಾಪಿನವನು ಗಡಿಯಾರದ ಪೆಟ್ಟಿಗೆಯತ್ತ, ಗೂಡಿನತ್ತ ನೋಡಿದ.

“ಹಲೋ? ಸಾರ್, ಬಿಚ್ಚಲಾ?”

“ಬಿಚ್ಚು,” ಎಂದ. ಗೂಡಿನ ಕಡೆ ಬೆನ್ನು ಮಾಡಲು ಧೈರ್ಯ ಸಾಲದೆ ಹಿಂದಡಿಯಿಡುತ್ತಾ ಮೆಟ್ಟಿಲು ತಲುಪಿದ.

*

ಸಂಜೆಯ ಹೊತ್ತಿಗೆ ನೆಂಟರು ಚದುರಿದ್ದರು. ಮೈದುನ ಬಾಡಿಗೆ ಕುರ್ಚಿಗಳನ್ನು ವಾಪಸ್ ಕೊಡಲು ಹೋಗಿದ್ದ. ಅತ್ತಿಗೆಗೆ ಜೊತೆಯಾಗಿ ಅವನ ಹೆಂಡತಿ ಉಳಿದಿದ್ದಳು. ಸೈಕಲ್ ಶಾಪಿನವನು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

“ಅಕ್ಕ, ಇದನ್ನ ನಿಮಗೆ ತೋರಿಸ್ಬೇಕೋ ಬೇಡ್ವೋ ಅಂತ ದಾರಿಯುದ್ದಕ್ಕೂ ಯೋಚ್ನೆ ಮಾಡ್ದೆ. ಲಾರಿ ಈಗ ಬಂತು. ಬುಟ್ಟಿ ಬಿಚ್ಚಿದಾಗ ಎಲ್ಲಾ ಹಾರಿದ್ವಂತೆ. ಒಂದು ಮೂಲೇಲಿ ಉಳಿದಿತ್ತಂತೆ.”

ಅವಳು ಪೆಟ್ಟಿಗೆ ತೆರೆದಳು. ಬೂದು ಪಾರಿವಾಳ, ಸೆಟೆದುಹೋಗಿತ್ತು. ಕಾಲಿನ ತಗಡಿನ ರಿಂಗಿನ ಮೇಲೆ ಗಂಡ ಸಣ್ಣ ಬ್ರಷ್ಷಿನಿಂದ ಹಚ್ಚಿದ ಕೆಂಪು ಚುಕ್ಕೆ ಇತ್ತು. ರಬ್ಬರ್ ರಿಂಗ್ ಇರಲಿಲ್ಲ.

“ಬುಟ್ಟೀನ ದಾರೀಲಿ ಯಾರಾದ್ರೂ ಬಿಚ್ಚಿದ್ರಾ?”

“ಇಲ್ಲ ಅಕ್ಕ. ನಾನೇ ಹಾಕಿದ ಸೀಲು. ಹಾಗೇ ಇತ್ತಂತೆ.” ಅವನು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. “ಆ ರಬ್ಬರ್ ರಿಂಗ್ ನನ್ನ ಗಡಿಯಾರದಲ್ಲಿದೆ. ನಾನೇ ತೆಗೆದಿದ್ದು. ನೀವೂ ನೋಡಿದ್ರಿ ಅಲ್ವಾ? ನೋಡಿದ್ರಿ ತಾನೇ?”

ಮೇಲಿನಿಂದ ಗುಟುರು ಕೇಳಿಸಿತು. ಒಂದು ನಿಂತರೆ ಇನ್ನೊಂದು. ಮೂವರೂ ತಲೆ ಎತ್ತಿದರು. ಹೋಗಿ ನೋಡೋಣ ಎಂದು ಯಾರೂ ಹೇಳಲಿಲ್ಲ.

ಅವಳಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ, ಗಂಡನ ಕಿವಿಯಲ್ಲಿ ತಾನು ಸುಳ್ಳು ಹೇಳಿ ಕಳಿಸಲಿಲ್ಲವಲ್ಲ ಎನ್ನುವುದೊಂದೇ ಉಳಿಯಿತು. ಸತ್ತ ಹಕ್ಕಿಯ ಮೈಯನ್ನು ಬೆರಳಿನಿಂದ ನೇವರಿಸಿದಳು.

“ಬಂದಿದ್ದಂತೂ ಬಂದಿದೆ,” ಎಂದಳು. “ನೀನು ಮನೆಗೆ ಹೋಗಪ್ಪ. ಕತ್ತಲಾಗ್ತಿದೆ.”

ಹೋಗೆಂದಿದ್ದೇ ತಡ, ಅವನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟ. ತಮ್ಮನ ಹೆಂಡತಿ ಅವನ ಬೆನ್ನಿಗೇ ಬಾಗಿಲು ತಳ್ಳಿ ಚಿಲಕ ಹಾಕಿದಳು, ಮೇಲಿನದು, ಕೆಳಗಿನದು ಎರಡನ್ನೂ. ದೀಪ ಹಚ್ಚಿ, “ಅಕ್ಕ, ಒಂದು ತುತ್ತು ಊಟ ಮಾಡಿ, ಬೆಳಗ್ಗಿಂದ ಏನೂ ತಿಂದಿಲ್ಲ” ಎಂದು ಅಡುಗೆಮನೆಗೆ ಹೋದಳು.

ತಟ್ಟೆ ಹಿಡಿದು ವಾಪಸ್ ಬರುವಷ್ಟರಲ್ಲಿ ಅಕ್ಕ ಬಾಗಿಲ ಬಳಿ ಇದ್ದಳು. ಕೆಳಗಿನ ಚಿಲಕ ಆಗಲೇ ತೆಗೆದಾಗಿತ್ತು. ಮೇಲಿನದಕ್ಕೆ ತುದಿಗಾಲಲ್ಲಿ ನಿಂತು ಕೈ ಚಾಚಿದ್ದಳು.

“ಯಾರಾದ್ರೂ ಬರೋರಿದಾರಾ ಅಕ್ಕ?”

“ಬರ್ತೀನಿ ಅಂದಿದ್ರು,” ಎಂದಳು. ಚಿಲಕ ಸರಿಸಿ, ಬಾಗಿಲನ್ನು ಒಂದು ಗೇಣು ತೆರೆದಿಟ್ಟಳು. ಕುರ್ಚಿಯನ್ನು ಅದಕ್ಕೆ ಎದುರಾಗಿ ಎಳೆದುಕೊಂಡು ಕುಳಿತು, ಮಡಿಲಲ್ಲಿ ಕೈ ಜೋಡಿಸಿಕೊಂಡು, ಆ ಸಂದಿಯ ಕತ್ತಲೆಯನ್ನೇ ನೋಡತೊಡಗಿದಳು.