ಗಂಗುಲಮ್ಮ ತನ್ನ ಹೊಟ್ಟೆಯನ್ನು ಕಂಡದ್ದು

ಜಂಗಮಕೋಟೆಯ ಗಂಗುಲಮ್ಮನ ಹೊಟ್ಟೆನೋವಿಗೆ ಊರವರು ಹೇಳುತ್ತಿದ್ದ ಕಾರಣ ಒಂದೇ: ಹೊಟ್ಟೆಕಿಚ್ಚು. ಓರಗಿತ್ತಿ ಕದಿರಮ್ಮ ಮಹಡಿ ಮನೆ ಕಟ್ಟಿಸಿದ ವರ್ಷವೇ ನೋವು ಶುರುವಾಗಿತ್ತು. ಮೊದಮೊದಲು ಗಂಗುಲಮ್ಮ ನಕ್ಕು ಸುಮ್ಮನಾದಳು. ಬರಬರುತ್ತಾ, ಹಸಿದಾಗಲೆಲ್ಲ ಎದೆಯ ಕೆಳಗೆ ಕೆಂಡ ಇಟ್ಟಂತಾಗುವಾಗ, ಇರಬಹುದೇನೋ ಎಂದು ತಾನೇ ನಂಬತೊಡಗಿದಳು. ಮೆಣಸಿನಕಾಯಿ ಬಿಟ್ಟಳು. ಕದಿರಮ್ಮನ ಮನೆಗೆ ಹೋಗುವುದನ್ನೂ ಬಿಟ್ಟಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಮಂಡಿ ಹಿಡಿದುಕೊಂಡಾಗ ಅಂಗಡಿಯ ನೋವಿನ ಮಾತ್ರೆ ನುಂಗುವುದನ್ನು ಮಾತ್ರ ಬಿಡಲಿಲ್ಲ.

ಒಂದು ಬೆಳಿಗ್ಗೆ ಮಲ ಟಾರಿನಂತೆ ಕಪ್ಪಗಾಯಿತು. ಹುಳುಮನೆಯಲ್ಲೇ ತಲೆಸುತ್ತಿ ಬಿದ್ದಳು. ಮಗಳು ಹರಿಣಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದಳು. ಒಳಗೆ ರಕ್ತ ಸೋರುತ್ತಿದೆ ಎಂದ ಡಾಕ್ಟರ್ ಭಾನುಪ್ರಿಯಾ, ರಕ್ತ ಕೊಡಿಸಿ, ಮರುದಿನ ಅವಳ ಗಂಟಲಿನಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿದರು.

ಗಂಗುಲಮ್ಮ ಎಡಮಗ್ಗುಲಾಗಿ ಮಲಗಿ ಪರದೆ ನೋಡಿದಳು. ಒದ್ದೆಯಾಗಿ ಮಿನುಗುವ ಗುಲಾಬಿ ಬಣ್ಣದ ಗುಹೆ. ಅದರ ಮಡಿಕೆಗಳು ಮೆಲ್ಲಗೆ ಅಲೆಯುತ್ತಿದ್ದವು. ಅದು ತನ್ನದೇ ಎಂದು ಹೊಳೆದಾಗ ಮೈ ಜುಮ್ಮೆಂದಿತು. ಇಷ್ಟು ವರ್ಷ ಮುದ್ದೆ ಉಣಿಸಿ ಸಾಕಿದ್ದನ್ನು ಈಗ ನೋಡುತ್ತಿದ್ದಳು. ಕೊನೆಯ ತಿರುವಿನಲ್ಲಿ ಬಿಳಿ ತಳದ ಹುಣ್ಣು.

ಡಾಕ್ಟರ್ ಕೊಳವೆಯ ಮೂಲಕವೇ ಹೊಟ್ಟೆಯ ಒಳಪದರದಿಂದ ಚಿಟಿಕೆಯಷ್ಟು ಚೂರು ತೆಗೆದು ಹಳದಿ ದ್ರಾವಣಕ್ಕೆ ಹಾಕಿದ್ದರು. ಆಮೇಲೆ ಆ ಪುಟ್ಟ ಸೀಸೆಯನ್ನು ಅವಳ ಹಾಸಿಗೆಯ ಬಳಿಗೇ ತಂದರು. ಹಳದಿ ಹೋಗಿ ದಾಸವಾಳದ ಬಣ್ಣ ಬಂದಿತ್ತು.

“ಕ್ರಿಮಿ ಇದ್ರೆ ಹೀಗೆ ಬಣ್ಣ ಬದಲಾಗುತ್ತಮ್ಮ. ಅನ್ನ ಕರಗಿಸೋ ಆಸಿಡ್ ಒಳಗೇ ಬದುಕಿರುತ್ತೆ. ನೀವು ಚಿಕ್ಕೋರಿದ್ದಾಗ್ಲೇ ಸೇರ್ಕೊಂಡಿರಬಹುದು. ಅದರ ಜೊತೆಗೆ ಆ ನೋವಿನ ಮಾತ್ರೆ ಬೇರೆ.”

“ಹೊಟ್ಟೆಕಿಚ್ಚಿಂದ ಬಂದಿದ್ದಲ್ವಾ ಮೇಡಮ್?”

ಡಾಕ್ಟರ್ ನಗಲಿಲ್ಲ. “ಅಲ್ಲಮ್ಮ. ಖಾರದಿಂದ್ಲೂ ಅಲ್ಲ.”

ಗಂಗುಲಮ್ಮನ ಕಣ್ಣು ತುಂಬಿತು. ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಎರಡು ವಾರ ಕ್ರಿಮಿ ಕೊಲ್ಲುವ ಮಾತ್ರೆಗಳು, ಆಮೇಲೂ ಆಸಿಡ್ ತಗ್ಗಿಸುವ ಮಾತ್ರೆ. ಮಧ್ಯದಲ್ಲಿ ನಿಲ್ಲಿಸಬಾರದು, ನೋವಿನ ಮಾತ್ರೆ ಮುಟ್ಟಬಾರದು ಎಂದರು. ಎಲ್ಲವನ್ನೂ ತಪ್ಪದೆ ನಡೆಸಿದಳು. ಸ್ವಲ್ಪ ಗುಣವಾಗುತ್ತಲೇ ಕದಿರಮ್ಮನ ಮನೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ಕೇಳುತ್ತ ಕದಿರಮ್ಮ ತನ್ನ ಹೊಟ್ಟೆಯನ್ನೇ ಮುಟ್ಟಿ ನೋಡಿಕೊಂಡಳು.

ಎರಡು ತಿಂಗಳ ನಂತರ ಮತ್ತೆ ಕೊಳವೆ ಇಳಿಸಿದರು. ಹುಣ್ಣಿದ್ದ ಕಡೆ ಈಗ ನಕ್ಷತ್ರದಂತೆ ಎಳೆ ಎಳೆಯಾಗಿ ಕೂಡಿಕೊಂಡ ಮಾಸಲು ಗುರುತಷ್ಟೇ ಇತ್ತು. ಅದನ್ನು ಯಾರೂ ಹೊಲಿದಿರಲಿಲ್ಲ. ಬಾಯಲ್ಲಿ ಕೊಳವೆ ಇದ್ದುದರಿಂದ ಗಂಗುಲಮ್ಮ ಏನೂ ಹೇಳಲಾರದೆ, ಮಲಗಿದಲ್ಲೇ ಪರದೆಯ ಕಡೆಗೆ ಕೈ ಮುಗಿದಳು.