ಹಿಂದಿನ ಚಕ್ರದ ಬುಡದ ಒದ್ದೆ

ಗಾಡಿ ಇರುವ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಈ ಗಾಡಿ ನನ್ನ ಕೈಲಿ ಮಾತ್ರ ಓಡೋದು." ಹೇಳುವವರು ಹೆಮ್ಮೆಯಿಂದಲೇ ಹೇಳುತ್ತಾರೆ, ಕೇಳುವವರು ಹೌದೌದೆಂದು ತಲೆಯಾಡಿಸುತ್ತಾರೆ. ಆ ಗಾಡಿಯಲ್ಲಿ ಏನೋ ಕೆಟ್ಟಿದೆ ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಗಂಜಿಯಣ್ಣನೂ ಹಾಗೆ ಹೇಳುತ್ತಿದ್ದ. ಅವನದು ಲಾಂಡ್ರಿ. ಆಸ್ಪತ್ರೆಯ ಹಾಸು ಹೊದಿಕೆಗಳನ್ನು ತಂದು, ಒಗೆದು, ಮಡಿಸಿ, ಮತ್ತೆ ಒಯ್ದು ಕೊಡುವ ಕೆಲಸ. ಬಟ್ಟೆಗೆ ಹಾಕುವ ಗಂಜಿಯೆಲ್ಲ ಇವನ ಕತ್ತಿಗೇ ಇಳಿದಿದೆ, ಅಷ್ಟು ಸೆಟೆದುಕೊಂಡಿರುತ್ತಾನೆ ಎಂದು ಬೀದಿಯವರು ಇಟ್ಟ ಹೆಸರು ಅದು. ಒಗೆಯುವ ಜಾಗ ಬೀದಿಯ ಆ ತುದಿಯಲ್ಲಿ, ಒಣಹಾಕುವ ಅಂಗಳ ಮನೆಯ ಮುಂದೆ. ಒದ್ದೆ ಗಂಟುಗಳು ಬರುವುದು ಅವನ ಹಳೆಯ ವ್ಯಾನಿನಲ್ಲಿ. ಇಪ್ಪತ್ತೆರಡು ವರ್ಷ ಅವನ್ನು ಎತ್ತಿ ಎತ್ತಿ ಈಗ ಅವನ ಸೊಂಟ ಹಿಡಿದುಕೊಂಡಿತ್ತು. ಅರ್ಧ ಗಂಟೆ ಪೆಡಲ್ ಒತ್ತುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತಿತ್ತು.

"ಸೋಮವಾರದಿಂದ ಮಗಳು ಓಡಿಸ್ತಾಳೆ," ಎಂದು ಹೆಂಡತಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು. ಮಗಳಿಗೆ ಲೈಸೆನ್ಸ್ ಬಂದು ಒಂದೂವರೆ ತಿಂಗಳಾಗಿತ್ತು.

ಭಾನುವಾರ ಮಧ್ಯಾಹ್ನ, ಅಂಗಳದಲ್ಲಿ ನಿಂತ ವ್ಯಾನಿನ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಅವನು ಮಗಳಿಗೆ ಪಾಠ ಶುರುಮಾಡಿದ.

"ಬ್ರೇಕ್ ಒಂದ್ ಸಲ ಒತ್ತಿದ್ರೆ ಪೆಡಲ್ ಪೂರ್ತಿ ಕೆಳಗೆ ಹೋಗುತ್ತೆ. ಹೆದರ್ಕೋಬೇಡ. ಇನ್ನೊಂದ್ ಸಲ ಒತ್ತು. ಮೂರನೇ ಸಲಕ್ಕೆ ಗಟ್ಟಿಯಾಗಿ ಹಿಡಿಯುತ್ತೆ."

"ಮೂರ್ ಸಲ ಒತ್ತೋಷ್ಟು ಟೈಮ್ ಇಲ್ದಿದ್ರೆ, ಅಪ್ಪ?"

"ಅದಕ್ಕೇ ದೂರದಿಂದ್ಲೇ ಶುರುಮಾಡ್ಬೇಕು. ಆಸ್ಪತ್ರೆ ಇಳಿಜಾರಲ್ಲಿ ಔಷಧಿ ಅಂಗಡಿ ಕಂಡ ಕೂಡ್ಲೇ ಒತ್ತು. ಗೇಟ್ ಹತ್ರ ಹೋಗೋಷ್ಟರಲ್ಲಿ ನಿಲ್ಲುತ್ತೆ."

ಔಷಧಿ ಅಂಗಡಿ, ಮೂರು ಸಲ, ಗೇಟು ಎಂದು ಮಗಳು ಪರೀಕ್ಷೆಗೆ ಓದುವವಳ ಹಾಗೆ ಬಾಯಲ್ಲೇ ಗುನುಗಿಕೊಂಡಳು.

ಒಳಗೆ ದಿಂಬಿನ ಕವರ್ ಮಡಿಸುತ್ತಿದ್ದ ಅವನ ಅಕ್ಕ ಹೊರಗೆ ಬಂದಳು. ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸ್ಪ್ಯಾನರ್ ಹಿಡಿದು ನಿವೃತ್ತಳಾದವಳು. ತಮ್ಮನ ಸೊಂಟ ಹಿಡಿದಾಗಿನಿಂದ ಭಾನುವಾರ ಬಂದು ಕೈಜೋಡಿಸುತ್ತಿದ್ದಳು.

"ಏನೋ, ಗಾಡಿ ಓಡಿಸೋದು ಹೇಳ್ಕೊಡ್ತಿದ್ದೀಯೋ, ಕೆಟ್ಟ ಗಾಡಿ ಓಡಿಸೋದು ಹೇಳ್ಕೊಡ್ತಿದ್ದೀಯೋ?"

"ಕೆಟ್ಟಿಲ್ಲ ಅಕ್ಕ. ಹಳೇದಾಗಿದೆ ಅಷ್ಟೇ, ನನ್ ಹಾಗೆ."

"ನೀನು ನಿಲ್ಲದಿದ್ರೆ ಯಾರಿಗೂ ಏನೂ ಆಗಲ್ಲ. ಇದು ನಿಲ್ಲದಿದ್ರೆ?"

"ಅಯ್ಯೋ, ಆಮೇಲೆ ನೋಡೋಣ ಬಿಡು. ಗ್ಯಾರೇಜಿಗೆ ಹೋಗ್ಬೇಕು, ಅರ್ಧ ದಿನ ಅಲ್ಲೇ ಬಿದ್ದಿರ್ಬೇಕು. ನನಗೆ ಸುಸ್ತಾಗಿದೆ ಅಕ್ಕ."

ಸುಳ್ಳಲ್ಲ, ಪಾಪ. ಅವನಿಗೆ ನಿಜವಾಗಿಯೂ ಸಾಕುಸಾಕಾಗಿತ್ತು. ಎಂಟು ತಿಂಗಳಿಂದ 'ಆಮೇಲೆ ನೋಡೋಣ' ಎಂದು ಅವನು ಮುಂದೂಡಿದ್ದು ಸೋಮಾರಿತನದಿಂದಲ್ಲ. ಸಂಜೆಗೆ ಕೈ ಎತ್ತಲೂ ಆಗದವನಿಗೆ ಇನ್ನೊಂದು ಕೆಲಸ ಎಂದರೆ ಅಳುವೇ ಬರುತ್ತಿತ್ತು.

"ಗ್ಯಾರೇಜ್ ಮಾತು ಆಮೇಲೆ," ಎಂದಳು ಅಕ್ಕ. "ಮೊದಲು ಮನೇಲೇ ನೋಡೋಣ. ನೀನು ಕೂತಲ್ಲೇ ಕೂತಿರು. ಏ ಪುಟ್ಟಿ, ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡು. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಶುರುಮಾಡು. ಈಗ ನಿಮ್ಮಪ್ಪ ಹೇಳಿದ ಹಾಗೆ ಮೂರ್ ಸಲ ಒತ್ತು. ಗಟ್ಟಿಯಾಯ್ತಾ? ಕಾಲು ಎತ್ತಬೇಡ. ಹಾಗೇ ಒತ್ತಿ ಹಿಡ್ಕೊಂಡು ಮೂವತ್ತರವರೆಗೆ ಎಣಿಸು."

ಮಗಳು ಎಣಿಸಿದಳು. ಹನ್ನೊಂದಕ್ಕೇ ದನಿ ಬದಲಾಯಿತು. "ಅತ್ತೆ, ಇದು ಮೆಲ್ಲಗೆ ಕೆಳಗಿಳೀತಿದೆ."

"ನೋಡಿದ್ಯಾ? ಸರಿಯಾದ ಪೆಡಲ್ ಮೊದಲನೇ ಸಲಕ್ಕೇ ಮೇಲೇ ನಿಲ್ಲುತ್ತೆ. ಒತ್ತಿ ಹಿಡಿದ್ರೆ ಇಳಿಯಲ್ಲ. ಇಂಜಿನ್ ಆರಿಸಿ ಬಾ, ಬ್ರೇಕ್ ಆಯಿಲ್ ನೋಡೋಣ."

ಆಯಿಲ್ ಡಬ್ಬಿಯ ಮೇಲೆ ಎರಡು ಗೆರೆಗಳಿದ್ದವು. ಆಯಿಲ್ ಕೆಳಗಿನ ಗೆರೆಗಿಂತಲೂ ತಳದಲ್ಲಿತ್ತು.

"ಹೋದ ತಿಂಗಳು ತಾನೇ ತುಂಬಿಸಿದ್ದೆ," ಎಂದ ಗಂಜಿಯಣ್ಣ.

"ಅದರ ಹಿಂದಿನ ತಿಂಗಳೂ ತುಂಬಿಸಿದ್ರಿ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. "ಕೆಂಪು ದೀಪ ಹತ್ತಿದಾಗಲೆಲ್ಲ ತುಂಬಿಸ್ತಾರೆ ಅತ್ತಿಗೆ, ಗಿಡಕ್ಕೆ ನೀರು ಹಾಕಿದ ಹಾಗೆ."

"ಬ್ರೇಕ್ ಪ್ಯಾಡ್ ಸವೆದ ಹಾಗೆ ಆಯಿಲ್ ಒಂಚೂರು ಇಳಿಯುತ್ತೆ, ಅದು ಸರಿ. ತಿಂಗಳು ತಿಂಗಳೂ ಖಾಲಿ ಆಗ್ತಿದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ."

"ಸೋರಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ? ನಾನೇನು ಕುರುಡನಾ?"

ಅಕ್ಕ ವ್ಯಾನನ್ನು ಒಂದು ಸುತ್ತು ಹಾಕಿದಳು. ಎಡಗಡೆಯ ಹಿಂದಿನ ಚಕ್ರದ ಬಳಿ ಬಗ್ಗಿ, "ಇದೇನೋ ಒದ್ದೆ?" ಎಂದಳು.

"ಅದಾ? ಒದ್ದೆ ಬಟ್ಟೆ ನೀರು. ಯಾವಾಗ್ಲೂ ಇರುತ್ತೆ."

ಮನೆಮಂದಿಯೆಲ್ಲ ಹಾಗೇ ಅಂದುಕೊಂಡಿದ್ದರು. ಗಂಟುಗಳಿಂದ ನೀರು ತೊಟ್ಟಿಕ್ಕುವುದು ದಿನದ ಪಾಡು. ಎಂಟು ತಿಂಗಳು ಆ ಒದ್ದೆಯನ್ನು ಎಲ್ಲರೂ ನೋಡಿದ್ದರು, ದಾಟಿಕೊಂಡು ಹೋಗಿದ್ದರು. ಹೆಂಡತಿ ಒಂದೆರಡು ಸಲ ಗೋಣಿ ಹಾಕಿ ಒರೆಸಿದ್ದೂ ಉಂಟು.

"ಇವತ್ತು ಭಾನುವಾರ," ಎಂದಳು ಅಕ್ಕ. "ನಿನ್ನೆ ಮಧ್ಯಾಹ್ನದಿಂದ ಒದ್ದೆ ಗಂಟು ಬಂದಿಲ್ಲ. ನೀರು ಎಲ್ಲಿಂದ ಬಂತು?"

ಅಕ್ಕ ಹರಿದ ಬಿಳಿ ಹಾಸೊಂದನ್ನು ತಂದು ನೆಲ ಒರೆಸಿ, ಚಕ್ರದ ಬುಡಕ್ಕೆ ಇನ್ನೊಂದನ್ನು ಹಾಸಿದಳು. ಮಗಳಿಗೆ ಪೆಡಲನ್ನು ಹತ್ತಾರು ಸಲ ಒತ್ತಲು ಹೇಳಿದಳು. ಆಮೇಲೆ ಎಲ್ಲರೂ ಒಳಗೆ ಹೋಗಿ ದಿಂಬಿನ ಕವರ್ ಮಡಿಸಿದರು. ಒಂದು ಗಂಟೆ ಬಿಟ್ಟು ಅಕ್ಕ ಆ ಹಾಸನ್ನು ತಂದು ತಮ್ಮನ ತೊಡೆಯ ಮೇಲೆ ಹರಡಿದಳು.

"ಕಲೆ ವಿಷಯದಲ್ಲಿ ನಿನ್ನ ಮೀರಿಸೋರಿಲ್ಲ ಅಂತೀಯಲ್ಲ. ಹೇಳು, ಇದು ಯಾವುದು?"

ರಕ್ತ, ಔಷಧಿ, ತುಕ್ಕು, ಶಾಯಿ, ಯಾವ ಕಲೆಯಾದರೂ ಅವನು ನೋಡಿದ ಕೂಡಲೇ ಹೇಳಬಲ್ಲ. ಅಂಗೈಯಷ್ಟು ಅಗಲ, ತೆಳು ಹಳದಿ. ಮಧ್ಯಾಹ್ನದ ಸೆಕೆಯಲ್ಲಿ ಒಂದು ಗಂಟೆ ಬಿದ್ದಿದ್ದರೂ ಒಣಗಿಲ್ಲ. ಬೆರಳಿಗೆ ಹಚ್ಚಿ ಉಜ್ಜಿದ. ಜಾರಿತು.

"ನೀರಲ್ಲ," ಎಂದ.

"ಹೋಗಿ ಕೈ ತೊಳ್ಕೊ. ಅದು ಚರ್ಮಕ್ಕೂ ಕಣ್ಣಿಗೂ ಒಳ್ಳೇದಲ್ಲ."

ಅವನು ಏಳಲಿಲ್ಲ. ಆ ಕಲೆಯನ್ನೇ ನೋಡುತ್ತಾ ಕೂತ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಬುಧವಾರ ಆಸ್ಪತ್ರೆ ಗೇಟಲ್ಲಿ ಒಂದು ಗಾಲಿಕುರ್ಚಿ ಅಡ್ಡ ಬಂತು. ನಾಲ್ಕನೇ ಸಲಕ್ಕೆ ನಿಲ್ತು. ಒಂದು ಗೇಣು ಇತ್ತು, ಅಷ್ಟೇ. ನರ್ಸಮ್ಮ ವಾಚಾಮಗೋಚರ ಬೈದ್ರು."

ಹೆಂಡತಿಯ ಕೈಯಲ್ಲಿದ್ದ ಕವರ್ ಕೆಳಗೆ ಬಿತ್ತು. "ಅಲ್ಲಾ ರೀ, ಇಷ್ಟೆಲ್ಲ ಆಗಿಯೂ ಬಾಯಿ ಮುಚ್ಕೊಂಡು, ನಾಳೆ ಮಗೂನ ಇದರಲ್ಲಿ ಕೂರಿಸೋಕೆ ಹೊರಟಿದ್ರಾ?"

ಕತ್ತಿನ ಗಂಜಿಯೆಲ್ಲ ಒಮ್ಮೆಗೇ ಇಳಿದುಹೋಯಿತು. "ನನಗೆ ಅಭ್ಯಾಸ ಆಗಿಬಿಟ್ಟಿತ್ತು ಕಣೇ," ಎಂದ. "ಕೆಟ್ಟಿದೆ ಅನ್ನೋದೇ ಮರೆತುಹೋಗಿತ್ತು. ಈಗ ಹೇಗೋ ಗ್ಯಾರೇಜಿಗೆ ಮೆಲ್ಲಗೆ ಓಡಿಸ್ಕೊಂಡು..."

"ಒಂದು ಅಡಿನೂ ಓಡಿಸೋ ಹಾಗಿಲ್ಲ," ಎಂದಳು ಅಕ್ಕ. "ಬ್ರೇಕ್ ಸೋರ್ತಿದ್ರೆ ಗಾಡಿ ನಿಂತಲ್ಲೇ ನಿಲ್ಲಬೇಕು. ಮೆಕ್ಯಾನಿಕ್ ಇಲ್ಲಿಗೇ ಬರ್ಲಿ."

ಸೋಮವಾರ ಗಂಟುಗಳು ಬಾಡಿಗೆ ಆಟೋದಲ್ಲಿ ಹೋದವು. ಮೆಕ್ಯಾನಿಕ್ ಬಂದು ಆ ಚಕ್ರ ಬಿಚ್ಚಿದ. ಒಳಗೆ ಆಯಿಲ್ ತಡೆಯುವ ರಬ್ಬರ್ ಸೀಲ್ ಹರಿದು, ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಶೂ ಆಯಿಲಿನಲ್ಲಿ ನೆಂದು ತೊಪ್ಪೆಯಾಗಿತ್ತು. "ಇನ್ನೊಂದು ವಾರ ಓಡಿಸಿದ್ರೆ ಮೂವತ್ತು ಸಲ ಒತ್ತಿದ್ರೂ ನಿಲ್ತಿರಲಿಲ್ಲ ಅಣ್ಣ," ಎಂದ. ಕೆಟ್ಟದ್ದನ್ನೆಲ್ಲ ಬದಲಿಸಿ, ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು, ಓಡಿಸಿ ನೋಡಿ ಹೋದ.

ಮಂಗಳವಾರ ಬೆಳಿಗ್ಗೆ ಮಗಳು ಸ್ಟೀರಿಂಗ್ ಹಿಡಿದಳು. ಗಂಜಿಯಣ್ಣ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಪಕ್ಕದಲ್ಲಿ ಕೂತ. ಇಳಿಜಾರಿನಲ್ಲಿ ಔಷಧಿ ಅಂಗಡಿ ಕಂಡಿತು. ಅವನ ಬಲಗಾಲು ತಾನಾಗಿಯೇ ಬರೀ ನೆಲವನ್ನು ಒತ್ತತೊಡಗಿತು. ಒಂದು. ಎರಡು. ಮೂರು. ಮಗಳು ಇನ್ನೂ ಒತ್ತಿಯೇ ಇರಲಿಲ್ಲ. ಗೇಟಿನಿಂದ ತಲೆಗೆ ಪಟ್ಟಿ ಕಟ್ಟಿದ್ದ ಮುದುಕರೊಬ್ಬರು ಕೋಲೂರಿಕೊಂಡು ರಸ್ತೆಗೆ ಇಳಿದರು.

ಮಗಳು ಒಂದೇ ಸಲ ಒತ್ತಿದಳು. ವ್ಯಾನ್ ನಿಂತಿತು.

ಮುದುಕರು ಇವರ ಕಡೆ ತಿರುಗಿಯೂ ನೋಡದೆ, ನಿಧಾನವಾಗಿ ರಸ್ತೆ ದಾಟಿದರು. ಗಂಜಿಯಣ್ಣನ ಕಾಲು ಇನ್ನೂ ನೆಲವನ್ನು ಒತ್ತುತ್ತಲೇ ಇತ್ತು.

"ಕಾಲು ತೆಗಿ ಅಪ್ಪ," ಎಂದಳು ಮಗಳು. "ನಿಂತಿದೆ."

ಕೇಳಿದಿರಲ್ಲ? ನಿಮಗೂ ಸುಸ್ತಾಗಿದೆ, ನಮಗೆ ಗೊತ್ತು. ಗಾಡಿ ನಂಬಿ ದುಡಿಯುವವರಿಗೆ ಸುಸ್ತಾಗದೆ ಇನ್ಯಾರಿಗೆ ಆದೀತು? ಆದರೂ ವಾರಕ್ಕೊಮ್ಮೆ ಕಾಲು ಗಂಟೆ ಕೊಡಿ. ಚಕ್ರಕ್ಕೆ ಅಡ್ಡ ಕೊಟ್ಟು ಪೆಡಲ್ ಒತ್ತಿ ಹಿಡಿದು ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಚಕ್ರಗಳ ಬುಡದಲ್ಲಿ ಒದ್ದೆ ಕಂಡರೆ ನೀರೆಂದು ನೀವೇ ತೀರ್ಮಾನಿಸಬೇಡಿ, ಹಳೆಯ ಬಿಳಿ ಬಟ್ಟೆ ಹಾಸಿ ನೋಡಿ. ಬ್ರೇಕ್ ಹಾಕಿದಾಗ ಕಿರುಗುಟ್ಟಿದರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ, ರೇಡಿಯೋ ಜೋರು ಮಾಡಿ ಮರೆಯಬೇಡಿ. ಅನುಮಾನ ಬಂದರೆ ಗಾಡಿ ತೆಗೆಯಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ರಿಪೇರಿ ನಿಮ್ಮ ಕೆಲಸವಲ್ಲ, ಗಮನಿಸುವುದು ನಿಮ್ಮ ಕೆಲಸ.

ಮತ್ತೆ, ಗಾಡಿಯ ಕೀಲಿಯನ್ನು ಮನೆಯವರ ಕೈಗೆ ಕೊಡುವಾಗ "ಈ ಬ್ರೇಕನ್ನ ಹೀಗೆ ಒತ್ತಬೇಕು, ಆಗ ಹಿಡಿಯುತ್ತೆ" ಎಂಬ ಮಾತು ನಿಮ್ಮ ಬಾಯಿಂದ ಬಂದರೆ, ಅಲ್ಲಿಗೇ ನಿಲ್ಲಿಸಿ. ಕೀಲಿ ಕೊಡಬೇಡಿ.